ಎಲ್ಲಕ್ಕೂ ಟಿಕ್ ಬೀಳುತ್ತೆ, ಓದು ಮಾತ್ರ ಉಳಿಯುತ್ತೆ

ಪ್ರಶ್ನೆ: ಮೇಡಂ, ನಾನು ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಬಡ್ತಿ ಸಿಗಬೇಕಾದರೆ ಪರೀಕ್ಷೆ ಪಾಸಾಗಬೇಕು. ಇನ್ನು ಮೂರು ತಿಂಗಳಿದೆ. ದಿನಾ ಬೆಳಿಗ್ಗೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆಯುತ್ತೇನೆ. ರಾತ್ರಿ ನೋಡಿದರೆ ಉಳಿದದ್ದಕ್ಕೆಲ್ಲ ಟಿಕ್ ಬಿದ್ದಿರುತ್ತದೆ, ಓದು ಮಾತ್ರ ಹಾಗೇ ಇರುತ್ತದೆ. ನಿನ್ನೆಯ ಪಟ್ಟಿಯನ್ನೂ ಕಳಿಸಿದ್ದೇನೆ. ನಾನು ಸೋಮಾರಿಯಾ? ಸಂಜೆ ಅಪ್ಪನ ಜೊತೆ ಅರ್ಧ ಗಂಟೆ ವಾಕಿಂಗ್ ಹೋಗುತ್ತೇನೆ. ಅದನ್ನು ಬಿಟ್ಟುಬಿಡಲಾ?
– ಹೆಸರು ಬೇಡ

ಉತ್ತರ: ಸೋಮಾರಿಗಳ ಪಟ್ಟಿ ಹೀಗಿರುವುದಿಲ್ಲ. ಫೋನ್ ಬಿಲ್ ಕಟ್ಟಿದ್ದೀರಿ, ಅಕ್ಕನಿಗೆ ಫೋಟೊ ಕಳಿಸಿದ್ದೀರಿ, ಹೊಲಿಗೆಗೆ ಕೊಟ್ಟ ಬಟ್ಟೆ ತಂದಿದ್ದೀರಿ, ಸಹೋದ್ಯೋಗಿಯೊಬ್ಬರ ಫೈಲು ಸರಿ ಮಾಡಿಕೊಟ್ಟಿದ್ದೀರಿ, ಬಾಕಿ ಮೇಲ್‌ಗಳಿಗೆಲ್ಲ ಉತ್ತರ ಬರೆದಿದ್ದೀರಿ. ಕೊನೆಯ ಸಾಲು: ‘ಪರೀಕ್ಷೆಗೆ ಓದುವುದು’. ಆ ಸಾಲನ್ನು ನಾನು ಎರಡು ಮೂರು ಸಲ ಓದಿದೆ. ಬೇರೆ ಯಾವ ಸಾಲನ್ನು ನೋಡಿದರೂ ಏನು ಮಾಡಬೇಕು, ಎಲ್ಲಿಗೆ ಮುಗಿಯುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ. ಇದಕ್ಕೆ ಮಾತ್ರ ಶುರುವೂ ಇಲ್ಲ, ಕೊನೆಯೂ ಇಲ್ಲ. ದಿನವಿಡೀ ದುಡಿದು ಸುಸ್ತಾದವರು ರಾತ್ರಿ ಇಂಥ ಸಾಲಿಗೆ ಕೈ ಹಾಕುವುದು ಕಷ್ಟ.

ಅದಕ್ಕೇ ಆ ಸಾಲನ್ನು ಹೊಡೆದು ಹಾಕಿ. ‘ಸವಕಳಿ ಅಧ್ಯಾಯದ ಮೊದಲ ಎರಡು ಲೆಕ್ಕ, ಉತ್ತರ ನೋಡದೆ’ ಅಂತ ಬರೆಯಿರಿ. ಅಷ್ಟೇ. ನಾಳೆಗೆ ಮುಂದಿನ ಎರಡು. ಇದನ್ನು ಹಿಂದಿನ ರಾತ್ರಿಯೇ ಬರೆದಿಟ್ಟು, ಆ ಪುಟ ತೆರೆದೇ ಮಲಗಿ. ಬೆಳಿಗ್ಗೆ ಎದ್ದು ‘ಇವತ್ತು ಏನು ಓದಲಿ’ ಅಂತ ಯೋಚಿಸುತ್ತ ಕೂತರೆ ಅರ್ಧ ಹೊತ್ತು ಅದಕ್ಕೇ ಹೋಗುತ್ತದೆ.

ಇನ್ನೊಂದು ವಿಷಯ. ಬಿಲ್ಲಿಗೆ ಕೊನೆಯ ದಿನಾಂಕ ಇದೆ, ಮೇಲ್ ಕಳಿಸಿದವರು ಕಾಯುತ್ತಿದ್ದಾರೆ. ಪರೀಕ್ಷೆ ಮೂರು ತಿಂಗಳು ದೂರ. ಹತ್ತಿರದ ಗಡುವು ಕಂಡರೆ ಮನಸ್ಸು ಅದರ ಹಿಂದೆಯೇ ಓಡುತ್ತದೆ. 2018ರಲ್ಲಿ ಮೆಂಗ್ ಝು, ಯಾಂಗ್ ಯಾಂಗ್, ಕ್ರಿಸ್ಟೊಫರ್ ಶೀ ಎಂಬ ಸಂಶೋಧಕರು ಇದರ ಬಗ್ಗೆ ಪ್ರಯೋಗಗಳನ್ನು ಪ್ರಕಟಿಸಿದರು. ಗಡುವು ಬೇಗ ಮುಗಿಯುತ್ತದೆ ಅಂದರೆ ಸಾಕು, ಕಡಿಮೆ ಲಾಭದ ಕೆಲಸವನ್ನೇ ಆರಿಸಿಕೊಳ್ಳುವವರು ಜಾಸ್ತಿಯಾಗುತ್ತಿದ್ದರು. ತಮಗೆ ಬಿಡುವೇ ಇಲ್ಲ ಅಂದುಕೊಂಡವರಲ್ಲಿ ಇದು ಇನ್ನೂ ಹೆಚ್ಚು. ಆದರೆ ಕೊನೆಗೆ ಕೈಗೆ ಬರುವುದೇನು ಎಂಬುದರ ಕಡೆ ಗಮನ ಸೆಳೆದಾಗ ಈ ಸೆಳೆತ ತಗ್ಗಿತು. ನನಗೆ ಇಷ್ಟವಾದದ್ದು ಈ ಕೊನೆಯ ಮಾತು. ನಿಮ್ಮ ಪಟ್ಟಿಯಲ್ಲಿ ಓದಿನ ಸಾಲಿನ ಪಕ್ಕ ‘ಬಡ್ತಿ’ ಅಂತ ಬರೆಯಿರಿ. ಮೇಲ್‌ಗಳ ಪಕ್ಕ ಏನು ಬರೆಯುತ್ತೀರಿ ನೋಡಿ.

ಮೂರು ತಿಂಗಳು ಧಾರಾಳ ಅನ್ನಿಸುತ್ತಿದೆ ಅಲ್ವಾ? ಎಚ್ಚರ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರಬಂಧ ಬರೆಯುತ್ತಿದ್ದ ಕೆನಡಾದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕಾಗಬಹುದು ಅಂತ ಕೇಳಿದರು. ಅವರ ಅಂದಾಜು ಸರಾಸರಿ 34 ದಿನ. ಹಿಡಿದದ್ದು ಸುಮಾರು 55 ದಿನ. ಹಾಗಾಗಿ ನಿಮ್ಮ ಮೂರು ತಿಂಗಳನ್ನು ಎರಡು ಅಂತಲೇ ಎಣಿಸಿ.

ಓದಿಗೆ ಹೊತ್ತು ಯಾವುದು? ನಿಮ್ಮ ತಲೆ ಚುರುಕಾಗಿರುವ ಹೊತ್ತು, ಬೇರೆಯವರಿಗೆ ನೀವು ಬೇಕಾಗುವ ಮೊದಲಿನ ಹೊತ್ತು. ನಾನು ಈ ಅಂಕಣವನ್ನು ಬೆಳಿಗ್ಗೆ ಆರರಿಂದ ಏಳರವರೆಗೆ ಬರೆಯುತ್ತೇನೆ. ಫೋನು ಪಕ್ಕದ ಕೋಣೆಯಲ್ಲಿ ಇರುತ್ತದೆ. ಆ ಹೊತ್ತಿನಲ್ಲಿ ಬಂದ ಸಂದೇಶಗಳಿಗೆ ಏಳರ ನಂತರ ಉತ್ತರಿಸುತ್ತೇನೆ, ಯಾರಿಗೂ ಬೇಜಾರಾಗಿಲ್ಲ. ನಿಮಗೆ ಬೆಳಗಿನ ಜಾವ ಆಗದಿದ್ದರೆ ಕಚೇರಿಗೆ ಮುಕ್ಕಾಲು ಗಂಟೆ ಮೊದಲೇ ಹೋಗಿ, ಜನ ಬರುವ ಮುಂಚೆ ಓದಿಕೊಳ್ಳಿ.

ಈಗ ಆ ಸಹೋದ್ಯೋಗಿಯ ಫೈಲು. ನಿಜ ಹೇಳಬೇಕೆಂದರೆ ನಿಮ್ಮ ಪಟ್ಟಿಯಲ್ಲಿ ನನ್ನನ್ನು ಕಾಡಿದ್ದು ಅದೇ. ಅದು ನಿಮ್ಮ ಕೆಲಸವಲ್ಲ, ಆದರೂ ಹೆಚ್ಚು ಹೊತ್ತು ತಿಂದಿದ್ದು ಅದೇ ಇರಬೇಕು. ಯಾವುದು ಮುಖ್ಯ ಅಂತ ಕಾಗದದ ಮೇಲೆ ತೀರ್ಮಾನಿಸುವುದು ಸುಲಭ. ಮುಖ್ಯವಲ್ಲದ್ದಕ್ಕೆ ಇಲ್ಲ ಅಂತ ಒಬ್ಬ ಮನುಷ್ಯನ ಮುಖ ನೋಡಿ ಹೇಳುವುದು ಕಷ್ಟ. ಆದರೆ ಅಲ್ಲಿಯವರೆಗೆ ಹೋಗದಿದ್ದರೆ ಪಟ್ಟಿ ಬರೆದು ಪ್ರಯೋಜನವಿಲ್ಲ. ‘ಆಗಲ್ಲ’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಬೇಕಿಲ್ಲ. ‘ಪರೀಕ್ಷೆ ಮುಗಿಯೋವರೆಗೆ ನನ್ನ ಕೈಲಿ ಆಗಲ್ಲ. ನೀವೇ ಮಾಡಿ, ಎಲ್ಲಾದರೂ ಸಿಕ್ಕಿಕೊಂಡರೆ ನಾಲ್ಕು ಗಂಟೆಗೆ ಹತ್ತು ನಿಮಿಷ ಬರ್ತೀನಿ’ ಅನ್ನಿ. ಸುಮ್ನೆ ನೆಪ ಕಟ್ಟಬೇಡಿ, ಪರೀಕ್ಷೆಯ ವಿಷಯವನ್ನೇ ಹೇಳಿ. ಕಾರಣ ಗೊತ್ತಾದರೆ ಒಳ್ಳೆಯವರು ಒತ್ತಾಯ ಮಾಡುವುದಿಲ್ಲ.

ಅಪ್ಪನ ಜೊತೆಗಿನ ವಾಕಿಂಗ್ ಬಿಡಬೇಡಿ. ನೀವು ಕಳಿಸಿದ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ, ಗಮನಿಸಿದಿರಾ? ಟಿಕ್ ಹಾಕಬೇಕು ಅನ್ನಿಸದೆಯೇ ನೀವು ದಿನಾ ಮಾಡುತ್ತಿರುವ ಕೆಲಸ ಅದು. ನಿಮ್ಮ ಅರ್ಧ ಗಂಟೆ ಕಳೆದುಹೋಗುತ್ತಿರುವುದು ಅಲ್ಲಿ ಅಲ್ಲ. ಬೇಕಿದ್ದರೆ ಅವತ್ತು ಬೆಳಿಗ್ಗೆ ಮಾಡಿದ ಲೆಕ್ಕವನ್ನು ನಡೆಯುತ್ತಾ ಅವರಿಗೆ ವಿವರಿಸಿ. ಎಲ್ಲಿ ತಡವರಿಸುತ್ತೀರೋ ಅದನ್ನೇ ಮಾರನೆಯ ದಿನದ ಮೊದಲ ಸಾಲಾಗಿ ಬರೆದುಕೊಳ್ಳಿ.