ದಿನವಿಡೀ ಕೆಲಸ, ಮುಗಿದದ್ದು ಯಾವುದು?

ಪ್ರಶ್ನೆ: ಆಫೀಸಿಗೆ ಬಂದಾಗಿನಿಂದ ಸಂಜೆವರೆಗೆ ನನಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ಮೇಲ್, ಮೀಟಿಂಗ್, ಮೆಸೇಜು, ನಡುವೆ ಯಾರೋ ಅರ್ಜೆಂಟ್ ಅಂತ ಕೇಳುವ ಲೆಕ್ಕಪತ್ರ. ಮೊನ್ನೆ ಮ್ಯಾನೇಜರ್ ‘ಈ ಮೂರು ತಿಂಗಳಲ್ಲಿ ಏನೇನು ಮುಗಿಸಿದಿರಿ?’ ಎಂದಾಗ ಒಂದು ಕೆಲಸದ ಹೆಸರು ಹೇಳಿ ಸುಮ್ಮನಾದೆ. ನಾನು ಮೈಗಳ್ಳಿಯಂತೂ ಅಲ್ಲ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಮೈಗಳ್ಳರಿಗೆ ಇಂಥ ಪ್ರಶ್ನೆ ಹುಟ್ಟುವುದೇ ಇಲ್ಲ, ಆ ಚಿಂತೆ ಬಿಡಿ. ನೀವು ಶುರು ಮಾಡಿ, ಇನ್ನೂ ಮುಗಿಸದ ಕೆಲಸಗಳನ್ನೆಲ್ಲ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ಪಟ್ಟಿ ನೀವು ಅಂದುಕೊಂಡದ್ದಕ್ಕಿಂತ ಉದ್ದ ಇರುತ್ತದೆ.

ಜಾನ್ ಲಿಟ್ಲ್ ಎಂಬವರು 1961ರಲ್ಲಿ ಸಾಬೀತು ಮಾಡಿದ ಒಂದು ಸರಳ ಲೆಕ್ಕ ಇದೆ. ಕೈಯಲ್ಲಿರುವ ಕೆಲಸಗಳನ್ನು ವಾರಕ್ಕೆ ಮುಗಿಯುವ ಕೆಲಸಗಳಿಂದ ಭಾಗಿಸಿದರೆ, ಒಂದೊಂದು ಕೆಲಸ ಸರಾಸರಿ ಎಷ್ಟು ವಾರ ಹಿಡಿಯುತ್ತದೆ ಅಂತ ಗೊತ್ತಾಗುತ್ತದೆ. ಕೈಯಲ್ಲಿ 12 ಇದ್ದು ವಾರಕ್ಕೆ 2 ಮುಗಿದರೆ, ಒಂದಕ್ಕೆ 6 ವಾರ. ಕೈಯಲ್ಲಿ 4 ಮಾತ್ರ ಇಟ್ಟುಕೊಂಡರೆ 2 ವಾರ ಸಾಕು. ನಿಮ್ಮ ವೇಗ ಚೂರೂ ಹೆಚ್ಚಬೇಕಿಲ್ಲ!

ವೇಗವೂ ಹೆಚ್ಚುತ್ತದೆ ಅನ್ನುವುದು ನನ್ನ ನಂಬಿಕೆ, ಯಾಕಂದರೆ ಈಗ ನಿಮ್ಮ ಸಮಯ ಸೋರುತ್ತಿರುವುದೇ ಕೆಲಸದಿಂದ ಕೆಲಸಕ್ಕೆ ಜಿಗಿಯುವಾಗ. ವರದಿ ತೆರೆದು ಎರಡನೇ ಪುಟದ ಪಟ್ಟಿ ಓದುತ್ತಿರುತ್ತೀರಿ, ಮೆಸೇಜು ಬರುತ್ತದೆ, ಒಂದೇ ಸಾಲಿನ ಉತ್ತರ ಕೊಟ್ಟು ವಾಪಸ್ ಬರುತ್ತೀರಿ, ಆದರೆ ಯಾವ ಸಾಲಿನಲ್ಲಿದ್ದೆ ಅಂತ ನೆನಪಾಗದೆ ಪಟ್ಟಿಯನ್ನು ಮತ್ತೆ ಮೇಲಿನಿಂದ ಓದುತ್ತೀರಿ. ಹೀಗೇ ಆಗುತ್ತದೆ, ಅಲ್ವಾ? ಅರ್ಧಕ್ಕೆ ಬಿಟ್ಟ ಕೆಲಸ ಮನಸ್ಸಿನ ಒಂದು ಪಾಲನ್ನು ತನ್ನ ಬಳಿಯೇ ಹಿಡಿದಿಟ್ಟುಕೊಳ್ಳುತ್ತದೆ, ಅದರಿಂದ ಮುಂದಿನ ಕೆಲಸ ಕೆಡುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರ ಅಧ್ಯಯನದಲ್ಲಿ ತೋರಿಸಿದ್ದಾರೆ.

ಮೇಲ್‌ಗೆ ಉತ್ತರಿಸುವುದೂ ಕೆಲಸವೇ, ಅದರಿಂದ ಯಾರದೋ ನಿಂತ ಕೆಲಸ ಮುಂದೆ ಸಾಗುವುದಾದರೆ. ಸುಮ್ನೆ ‘ನೋಡಿದೆ’ ಅಂತ ಹೇಳುವುದಕ್ಕೆ ಇಡೀ ದಿನ ಕಿವಿ ತೆರೆದುಕೊಂಡಿರಬೇಕಿಲ್ಲ. ಮೇಲ್, ಮೆಸೇಜುಗಳಿಗೆ ದಿನದಲ್ಲಿ ಎರಡು ಮೂರು ಹೊತ್ತು ಗೊತ್ತು ಮಾಡಿಕೊಳ್ಳಿ, ಆ ಹೊತ್ತು ಯಾವುದು ಅಂತ ಜೊತೆಯವರಿಗೂ ತಿಳಿಸಿ. ತೀರಾ ಅರ್ಜೆಂಟ್ ಇದ್ದರೆ ಫೋನ್ ಮಾಡಲಿ. ಸಹಾಯವಾಣಿಯಂಥ ಕೆಲಸವಾದರೆ ಇದು ಆಗುವ ಮಾತಲ್ಲ, ಉಳಿದ ಹೆಚ್ಚಿನ ಕೆಲಸಗಳಲ್ಲಿ ಆಗುತ್ತದೆ.

ಇದೆಲ್ಲ ನಿಮ್ಮೊಬ್ಬರ ಕೈಯಲ್ಲಿಲ್ಲ, ನಿಜ. ಥಟ್ಟನೆ ಉತ್ತರ ಕೊಡುವವರನ್ನೇ ಒಳ್ಳೆಯ ಕೆಲಸಗಾರರು ಅಂದುಕೊಳ್ಳುವ ಆಫೀಸುಗಳು ಬೇಕಾದಷ್ಟಿವೆ, ಅದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಅದಕ್ಕೇ ಹೊಸ ಕೆಲಸ ಬಂದಾಗ ‘ಆಗಲ್ಲ’ ಅನ್ನಬೇಡಿ. ‘ಇದನ್ನು ಇವತ್ತು ಹಿಡಿದರೆ ಆ ವರದಿ ಶುಕ್ರವಾರಕ್ಕೆ ಆಗುವುದಿಲ್ಲ, ಯಾವುದು ಮೊದಲು ಬೇಕು ಸರ್?’ ಎಂದು ಕೇಳಿ. ಎರಡೂ ಬೇಕು ಅಂದರೆ, ಪಟ್ಟಿ ಮುಂದಿಟ್ಟು ಯಾವುದನ್ನು ಬದಿಗಿಡಲಿ ಅಂತ ಅವರಿಂದಲೇ ಹೇಳಿಸಿ.