ಕೈಗೆ 50 ಲಕ್ಷ ಉಳಿಯಬೇಕಾದರೆ ಮನೆ ಎಷ್ಟಕ್ಕೆ ಹೋಗಬೇಕು?

ಓದುಗರ ಪತ್ರ (ಸಂಗ್ರಹ): 60 ಲಕ್ಷಕ್ಕೆ ಕೊಂಡು, 5 ಲಕ್ಷ ಹಾಕಿ ಒಂದು ಕೋಣೆ ಕಟ್ಟಿಸಿದ ಮನೆಯನ್ನು ಮಾರಬೇಕೆಂದಿದ್ದೇವೆ. ಸಾಲದ ಬಾಕಿ 30 ಲಕ್ಷ, ಬಡ್ಡಿ ಶೇ 9. ಮುಂದಿನ ಮನೆಗೆ 40 ಲಕ್ಷ, ಮೂರು ವರ್ಷದ ನಂತರ ಮಗಳ ಕಾಲೇಜಿಗೆ 10 ಲಕ್ಷ ಬೇಕು. ಒಟ್ಟು 80 ಲಕ್ಷ. ದಲ್ಲಾಳಿ ಕಮಿಷನ್ ಮುಂತಾದ ಖರ್ಚು ಶೇ 5 ಎಂದು 4 ಲಕ್ಷ ಸೇರಿಸಿದ್ದೇವೆ. 84 ಲಕ್ಷಕ್ಕೆ ಕೊಟ್ಟರೆ ಸಾಕಲ್ಲವೇ? ಇಂಥದೇ ಮನೆಯೊಂದು ಈಚೆಗೆ ನಮ್ಮ ಬಡಾವಣೆಯಲ್ಲಿ 86ಕ್ಕೆ ಹೋಗಿದೆ.

ಉತ್ತರ: ಸಾಲದು. ನೀವು ಹೊರಟ ದಾರಿ ಸರಿಯಾಗಿದೆ. ಕೈಗೆ ಎಷ್ಟು ಬೇಕು ಎಂಬಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರಬೇಕು, ಹಾಗೆಯೇ ಬಂದಿದ್ದೀರಿ. ಆದರೆ ನಾಲ್ಕು ಬಾಬ್ತು ಬಿಟ್ಟುಹೋಗಿವೆ, ಒಂದು ಕಡೆ ಗಣಿತ ತಪ್ಪಿದೆ.

ಮೊದಲು ಗಣಿತ. ಶೇ 5 ಕಡಿತವಾಗುವುದು ನಿಮ್ಮ 80 ಲಕ್ಷದ ಮೇಲಲ್ಲ, ಮಾರಿದ ಬೆಲೆಯ ಮೇಲೆ. 84 ಲಕ್ಷದ ಶೇ 5 ಎಂದರೆ 4.20 ಲಕ್ಷ, ಉಳಿಯುವುದು 79.80. ಹಾಗಾಗಿ ಕೂಡಿಸಬೇಡಿ, ಭಾಗಿಸಿ: 80 ÷ 0.95 = 84.21. ಇಲ್ಲಿ ವ್ಯತ್ಯಾಸ ಬರೀ 21 ಸಾವಿರ. ತೆರಿಗೆಯೂ ಸೇರಿಕೊಂಡಾಗ ಇದೇ ತಪ್ಪು ಲಕ್ಷಗಳಿಗೆ ಬೆಳೆಯುತ್ತದೆ.

ಇನ್ನು ಬಿಟ್ಟುಹೋದವು. ಪಾಸ್‌ಬುಕ್ಕಿನಲ್ಲಿ ಕಾಣುವ 30 ಲಕ್ಷ ಅಸಲಿನ ಬಾಕಿ ಮಾತ್ರ; ಸಾಲ ಚುಕ್ತಾ ಮಾಡಲು ಕೊಡಬೇಕಾದ ಮೊತ್ತ ಬೇರೆ. ಕೊನೆಯ ಕಂತಿನಿಂದ ಚುಕ್ತಾ ದಿನದವರೆಗಿನ ಬಡ್ಡಿ ಅದಕ್ಕೆ ಸೇರುತ್ತದೆ. ನಿಮ್ಮ ಬಾಕಿಗೆ ಅದು ದಿನಕ್ಕೆ ಸುಮಾರು 740. ಅವಧಿಗೆ ಮೊದಲು ತೀರಿಸಿದರೆ ಶುಲ್ಕವುಂಟೇ ಎಂದು ಸಾಲದ ಕರಾರು ನೋಡಿ. ಶೇ 1 ಇದ್ದರೆ 30 ಸಾವಿರ, ಅಲ್ಲಿಗೆ 30.30 ಲಕ್ಷ. ಮಾರುವ ತೀರ್ಮಾನವಾದ ಕೂಡಲೇ ಇಂಥ ದಿನಕ್ಕೆ ಇಷ್ಟು ಎಂದು ಬ್ಯಾಂಕಿನಿಂದ ಲಿಖಿತವಾಗಿ ಪಡೆಯಿರಿ. ಬಾಯಿಮಾತಿನ ಅಂಕಿ ನಂಬಿ ಕ್ರಯದ ದಿನ ಪರದಾಡುವವರೇ ಹೆಚ್ಚು.

ಎರಡನೆಯದು, ಮಾರುವ ಮುಂಚಿನ ಕೆಲಸ: ಸೋರಿಕೆ ರಿಪೇರಿ, ಬಣ್ಣ, ದಾಖಲೆಪತ್ರ, ವಕೀಲರ ಫೀ, ಸಾಮಾನು ಸಾಗಣೆ. ಒಟ್ಟು 2.50 ಲಕ್ಷ ಎಂದಿಟ್ಟುಕೊಳ್ಳೋಣ. ನಿಮ್ಮಲ್ಲಿ ನಿಜವಾಗಿ ಆಗುವುದೆಷ್ಟೆಂದು ಕೇಳಿ ತಿಳಿದು ತಿದ್ದಿಕೊಳ್ಳಿ. ಮೂರನೆಯದು, ಮನೆ ಹೋಗುವವರೆಗಿನ ತಿಂಗಳ ಖರ್ಚು. 30 ಲಕ್ಷಕ್ಕೆ ತಿಂಗಳ ಬಡ್ಡಿ 22,500. ಮನೆ ತೆರಿಗೆ, ವಿಮೆ, ನಿರ್ವಹಣೆಗೆ 7,500 ಹಿಡಿದರೆ ತಿಂಗಳಿಗೆ 30 ಸಾವಿರ. ನಾಲ್ಕು ತಿಂಗಳಿಗೆ 1.20 ಲಕ್ಷ. ಇಲ್ಲಿ ಇಡೀ ಕಂತನ್ನು ಬರೆಯಬೇಡಿ. ಕಂತಿನಲ್ಲಿರುವ ಅಸಲು ನಿಮ್ಮ ಬಾಕಿಯನ್ನೇ ಇಳಿಸುತ್ತದೆ, ಖರ್ಚಾಗುವುದು ಬಡ್ಡಿ ಮಾತ್ರ. ಬಡ್ಡಿಯನ್ನು ಇಲ್ಲಿ ಹಿಡಿದ ಮೇಲೆ ಚುಕ್ತಾ ಮೊತ್ತದಲ್ಲಿ ಮತ್ತೆ ಹಿಡಿಯಲೂ ಬಾರದು. ಇದೆಲ್ಲ ಸಂಬಳದಲ್ಲೇ ನೀಗುತ್ತದೆ ಎನ್ನುವುದಾದರೆ ಈ ಬಾಬ್ತನ್ನೇ ಕೈಬಿಡಿ.

ಈಗ ಕೂಡಿಸಿ: 50 + 30.30 + 2.50 + 1.20 = 84 ಲಕ್ಷ. ನೀವು ಮಾರಾಟದ ಬೆಲೆ ಎಂದುಕೊಂಡಿದ್ದ ಮೊತ್ತ ಕಮಿಷನ್‌ಗೆ ಮೊದಲೇ ಮುಗಿಯಿತು! 0.95ರಿಂದ ಭಾಗಿಸಿದರೆ 88.42.

ನಾಲ್ಕನೆಯದು ಲಾಭದ ಮೇಲಿನ ತೆರಿಗೆ. ನಿಯಮ ದೇಶದಿಂದ ದೇಶಕ್ಕೆ ಬೇರೆ. ಕೆಲವೆಡೆ ಸ್ವಂತ ವಾಸದ ಮನೆಗೆ ವಿನಾಯಿತಿಯಿದೆ, ಕೆಲವೆಡೆ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ತೆರಿಗೆಯಿಲ್ಲ. ನಿಮಗೆ ಅನ್ವಯಿಸುವುದು ಯಾವುದೆಂದು ಲೆಕ್ಕಪರಿಶೋಧಕರನ್ನು ಕೇಳಿ. ಸೊನ್ನೆ ಎಂದರೆ 88.42ಕ್ಕೇ ನಿಲ್ಲಿ. ಲೆಕ್ಕ ತೋರಿಸಲು ಶೇ 10 ಎಂದು ಹಿಡಿಯುತ್ತೇವೆ. ಇಲ್ಲಿ ಒಂದು ತೊಡಕಿದೆ: ತೆರಿಗೆ ಬೆಲೆಯನ್ನು ಅವಲಂಬಿಸಿದೆ, ನಿಮಗೆ ಬೇಕಾದ ಬೆಲೆ ತೆರಿಗೆಯನ್ನು ಅವಲಂಬಿಸಿದೆ. ಸುತ್ತು ಹಾಕಿ ಬಿಡಿಸಬಹುದು. 88.42ರಲ್ಲಿ ಕಮಿಷನ್ ಕಳೆದು 84. ಅದರಿಂದ ಕೊಂಡ ಬೆಲೆ, ಕೋಣೆಯ ಖರ್ಚು ಸೇರಿ 65 ಲಕ್ಷ ಕಳೆದರೆ ಲಾಭ 19, ತೆರಿಗೆ 1.90. ಅದನ್ನು 84ಕ್ಕೆ ಸೇರಿಸಿ ಮತ್ತೆ ಭಾಗಿಸಿ: 85.90 ÷ 0.95 = 90.42. ಈ ಬೆಲೆಗೆ ತೆರಿಗೆ 2.09 ಆಗುತ್ತದೆ, ಬೆಲೆ 90.62ಕ್ಕೆ ಏರುತ್ತದೆ. ಇನ್ನೊಂದು ಸುತ್ತಿಗೆ 90.64ರಲ್ಲಿ ನಿಲ್ಲುತ್ತದೆ. ಕೋಣೆ ಕಟ್ಟಿಸಿದ ಬಿಲ್ಲುಗಳು ಸಿಗದಿದ್ದರೆ 65ರ ಜಾಗದಲ್ಲಿ 60 ಬಂದು, ಬೇಕಾದ ಬೆಲೆ ಇನ್ನೂ 58 ಸಾವಿರ ಏರುತ್ತದೆ. ಹಳೆಯ ಕಡತ ಹುಡುಕುವುದು ದಂಡವಲ್ಲ.

ಅಂದಹಾಗೆ, ಕೊಂಡ ಬೆಲೆಗೆ ಈ ಲೆಕ್ಕದಲ್ಲಿ ಇರುವ ಕೆಲಸ ಇದೊಂದೇ. ‘ಇಷ್ಟು ಕೊಟ್ಟು ಕೊಂಡಿದ್ದೇವೆ, ಇಷ್ಟಾದರೂ ಬರಬೇಡವೇ’ ಎಂಬುದು ಮನೆಮಂದಿಯ ಮಾತು. ಕೊಳ್ಳುವವರಿಗೆ ಅದರ ಹಂಗಿಲ್ಲ.

ಇದೇ ಲೆಕ್ಕದಿಂದ ಇನ್ನೊಂದು ಉಪಯುಕ್ತ ಅಂಕಿ ಸಿಗುತ್ತದೆ. ಕಮಿಷನ್, ತೆರಿಗೆ ಕಳೆದ ಮೇಲೆ, ಬೆಲೆಯಲ್ಲಿ ಹೆಚ್ಚು ಸಿಕ್ಕ ಪ್ರತಿ 1 ಲಕ್ಷದಲ್ಲಿ ನಿಮಗೆ ದಕ್ಕುವುದು 85,500. ಒಬ್ಬರು ಇವತ್ತೇ ಕೊಳ್ಳಲು ಸಿದ್ಧರಿದ್ದಾರೆ, ನೀವು ಇನ್ನೊಂದು ಲಕ್ಷಕ್ಕಾಗಿ ಮೂರು ತಿಂಗಳು ಕಾಯುತ್ತೀರಿ ಎನ್ನಿ. ಗಳಿಸಿದ್ದು 85,500, ಕಾದದ್ದಕ್ಕೆ ತೆತ್ತದ್ದು 90,000. ಬಣ್ಣಕ್ಕೂ ಇದೇ ಅಳತೆ: ಅದಕ್ಕೆ 1 ಲಕ್ಷ ಸುರಿದರೆ, ಹಾಕಿದ್ದು ವಾಪಸಾಗಲು ಬೆಲೆ 1.17 ಲಕ್ಷ ಏರಬೇಕು. ಸೋರುವ ಚಾವಣಿ ಸರಿಮಾಡಿಸಿ, ಅದನ್ನು ಬಿಟ್ಟರೆ ಚೌಕಾಸಿಯಲ್ಲಿ ಇನ್ನೂ ಹೆಚ್ಚು ಕಳೆದುಕೊಳ್ಳುತ್ತೀರಿ. ಅಡುಗೆಮನೆಗೆ ಹೊಸ ಕಪಾಟು ಬೇಡ.

ಈಗ ಕಷ್ಟದ ಭಾಗ. ನಿಮಗೆ ಬೇಕು 90.64, ನಿಮ್ಮದೇ ಪತ್ರದ ಪ್ರಕಾರ ಮಾರುಕಟ್ಟೆ ಹೇಳುವುದು 86. ಒಂದೇ ಮನೆ ನೋಡಿ ನಿರ್ಧರಿಸಬೇಡಿ. ಕಳೆದ ಆರು ತಿಂಗಳಲ್ಲಿ ಕೈಬದಲಾದ ಮೂರ್ನಾಲ್ಕು ಮನೆಗಳ ನಿಜವಾದ ಬೆಲೆ ತಿಳಿಯಿರಿ, ಜಾಹೀರಾತಿನ ಬೆಲೆಯಲ್ಲ. ಎಲ್ಲವೂ 86ರ ಆಸುಪಾಸಿನಲ್ಲೇ ಇದ್ದರೆ, ಆ ಬೆಲೆಗೆ ನಿಮಗೆ ಉಳಿಯುವುದು 46.03 ಲಕ್ಷ. ಸುಮಾರು 4 ಲಕ್ಷದ ಕೊರತೆ.

ಕೊರತೆ ತುಂಬಲು ಬೆಲೆ ಏರಿಸಿ ಕೂರುವವರು ಬಹಳ. ಮನೆ ಮಾರಾಟಕ್ಕಿದೆ ಎಂದು ತಿಳಿದ ಮೊದಲ ವಾರಗಳಲ್ಲೇ ಆಸಕ್ತರು ಹೆಚ್ಚು ಬರುವುದು. ಬೆಲೆ ಕೇಳಿ ಅವರು ತಿರುಗಿ ಹೋದರೆ, ಆಮೇಲೆ ಬಂದವರು ‘ಇಷ್ಟು ದಿನ ಯಾಕೆ ಹೋಗಿಲ್ಲ’ ಎಂದು ಅನುಮಾನದಿಂದಲೇ ಮಾತು ಶುರುಮಾಡುತ್ತಾರೆ. ಬದಲಿಗೆ ಗುರಿಯನ್ನೇ ಬಿಚ್ಚಿ ನೋಡಿ. ಕಾಲೇಜಿನ 10 ಲಕ್ಷ ಬೇಕಾಗಿರುವುದು ಮೂರು ವರ್ಷದ ನಂತರ. ತೆರಿಗೆ ಕಳೆದು ಶೇ 6 ಬರುವ ಠೇವಣಿಯಲ್ಲಿ ಇಂದು 8.40 ಲಕ್ಷ ಇಟ್ಟರೆ ಆಗ ಅದು 10 ಆಗುತ್ತದೆ. ಕೊರತೆ 2.37ಕ್ಕೆ ಇಳಿಯಿತು. ದಲ್ಲಾಳಿಯೊಡನೆ ಮಾತಾಡಿ ಶೇ 5ನ್ನು 4ಕ್ಕೆ ತಂದರೆ ಇನ್ನೊಂದು 77 ಸಾವಿರ ಉಳಿದು, ಕೊರತೆ 1.60. ಇದನ್ನು ಮುಂದಿನ ಮನೆಯ ಬಜೆಟ್ಟಿನಲ್ಲಿ ಹೊಂದಿಸುವುದು ಅಸಾಧ್ಯವೇನಲ್ಲ.

ಆದರೆ ಒಂದು ಪ್ರಶ್ನೆ ನಿಮಗೇ: ಆ 40 ಲಕ್ಷದಲ್ಲಿ ಹೊಸ ಮನೆಯ ನೋಂದಣಿ, ಸಾಲದ ಶುಲ್ಕ, ಹೋದ ಮೇಲಿನ ಸಣ್ಣಪುಟ್ಟ ಕೆಲಸ ಸೇರಿವೆಯೇ? ಸೇರಿಲ್ಲದಿದ್ದರೆ ಮೊದಲು ಅದನ್ನು ತಿದ್ದಿ, ಮೇಲಿನದನ್ನೆಲ್ಲ ಮತ್ತೆ ಲೆಕ್ಕ ಹಾಕಿ.

ಕೊನೆಗೆ ಬಂದ ಅಂಕಿ ನೀವು ಹೇಳುವ ಬೆಲೆಯಲ್ಲ, ಅದಕ್ಕಿಂತ ಕೆಳಗಿಳಿಯಬಾರದ ಬೆಲೆ. ನಿಮ್ಮ ಕಡೆ ಚೌಕಾಸಿಯಲ್ಲಿ ಶೇ 3 ಇಳಿಸುವುದು ರೂಢಿಯಾಗಿದ್ದರೆ ಅದನ್ನು 0.97ರಿಂದ ಭಾಗಿಸಿ, ಬಂದದ್ದನ್ನು ಹೇಳಿ. ತಳದ ಬೆಲೆಯನ್ನು ದಲ್ಲಾಳಿಗೆ ಹೇಳಬೇಡಿ. ಮನೆ ಇಬ್ಬರ ಹೆಸರಿನಲ್ಲಿದ್ದರೆ, ಮೊದಲ ಗಿರಾಕಿ ಬರುವ ಮುಂಚೆಯೇ ಇಬ್ಬರೂ ಕೂತು ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಲೆಕ್ಕಕ್ಕೆ ಹಿಡಿದ ನಾಲ್ಕು ತಿಂಗಳು ಮೀರಿದರೆ, ಆಮೇಲಿನ ಪ್ರತಿ ತಿಂಗಳಿಗೆ ಅದಕ್ಕೆ 35 ಸಾವಿರ (ತಿಂಗಳ ಖರ್ಚು 30 ಸಾವಿರ ÷ 0.855) ಸೇರಿಸುತ್ತಾ ಹೋಗಿ.

— ಸಂಪಾದಕ