ಫ್ರಿಜ್‌ನ ಮೊಟ್ಟೆ, ಹೊರಗಿಟ್ಟ ಮೊಟ್ಟೆ

ಅಮೆರಿಕದಲ್ಲಿ ಮೊಟ್ಟೆಯನ್ನು ಫ್ರಿಜ್‌ನಲ್ಲಿಟ್ಟು ಮಾರುತ್ತಾರೆ, ಯುರೋಪಿನ ಎಷ್ಟೋ ಕಡೆ ಹೊರಗೇ ಇಡುತ್ತಾರೆ, ಯಾರದ್ದು ಸುರಕ್ಷಿತ ಅಂತ ಕೇಳಿದ್ದೀರಿ. ಎರಡೂ ಕಡೆ ಇರುವ ಭಯ ಒಂದೇ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ. ದಾರಿ ಬೇರೆ ಅಷ್ಟೆ.

ಚಿಪ್ಪಿನ ತುಂಬಾ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿರುತ್ತವೆ. ಮೇಲಿನ ತೆಳು ಪೊರೆ ಅವನ್ನು ಮುಚ್ಚಿರುತ್ತದೆ. ಅಮೆರಿಕದಲ್ಲಿ ಮೊಟ್ಟೆ ತೊಳೆಯುತ್ತಾರೆ. ಕೊಳೆಯ ಜೊತೆ ಪೊರೆಯೂ ಹಾಳಾಗುತ್ತದೆ, ಹಾಗಾಗಿ ಸುಮಾರು 7 ಡಿಗ್ರಿ ಸೆಲ್ಸಿಯಸ್ ತಂಪು ಬೇಕೇ ಬೇಕು. ಯುರೋಪಿಯನ್ ಒಕ್ಕೂಟದಲ್ಲಿ ಸಾಮಾನ್ಯವಾಗಿ ‘ಎ’ ದರ್ಜೆಯ, ಅಂದರೆ ಅಂಗಡಿಯಲ್ಲಿ ಮಾರುವ ಮೊಟ್ಟೆ ತೊಳೆಯುವಂತಿಲ್ಲ, ಪೊರೆ ಉಳಿಯಲಿ ಅಂತ. ಇದರಲ್ಲಿ ಯಾರೂ ದಡ್ಡರಲ್ಲ.

ಆದರೆ ಎಲ್ಲವೂ ಹೀಗೆ ಸಮ ಸಮ ಅಂತಲ್ಲ. ಬ್ರೆಡ್ ಹಿಟ್ಟಿಗೆ ಹಾಕುವ, ಕ್ಯಾನ್ಸರ್ ತರಬಹುದು ಎಂಬ ಶಂಕೆಯಿರುವ ರಾಸಾಯನಿಕ ಪೊಟ್ಯಾಸಿಯಂ ಬ್ರೋಮೇಟ್ ನೋಡಿ. ಯುರೋಪಿಯನ್ ಒಕ್ಕೂಟ ಅದಕ್ಕೆ ಅನುಮತಿ ಕೊಡುವುದಿಲ್ಲ, ಭಾರತ 2016ರಲ್ಲಿ ನಿಷೇಧಿಸಿತು, ಅಮೆರಿಕದ ಕೇಂದ್ರ ಸರ್ಕಾರ ಮಾತ್ರ ನಿಷೇಧಿಸಿಲ್ಲ. ಇಲ್ಲಿ ನನ್ನ ವೋಟು ನಿಷೇಧಕ್ಕೇ.

ಇನ್ನು, ಮಾರುಕಟ್ಟೆಯಿಂದ ವಾಪಸ್ ಪಡೆದ ಆಹಾರದ ಪಟ್ಟಿ ಉದ್ದ ಇದೆ ಅಂತ ದೇಶವನ್ನು ಅಳೆಯಬೇಡಿ. ಜಾಸ್ತಿ ಪರೀಕ್ಷೆ ಮಾಡಿದರೆ ಜಾಸ್ತಿ ಸಿಗುತ್ತದೆ, ಅಲ್ವಾ?

ಅಂದಹಾಗೆ, ಒಮ್ಮೆ ಫ್ರಿಜ್‌ಗೆ ಹೋದ ಮೊಟ್ಟೆಯನ್ನು ಹೊರಗಿಟ್ಟು ಬಿಡಬೇಡಿ. ಅದು ಬೆವರುತ್ತದೆ, ಆ ತೇವದಲ್ಲೇ ಬ್ಯಾಕ್ಟೀರಿಯಾ ಒಳಗೆ ನುಸುಳಬಹುದು.